ಆಪರೇಷನ್‌ಗೆ ದಿನ ಕೊಟ್ಟಿದ್ದಾರೆ: ಅಷ್ಟರೊಳಗೆ ಮನೆಯಲ್ಲಿ ಮಾಡಿಕೊಳ್ಳಬೇಕಾದ್ದು ಏನು, ಯಾಕೆ?

ಕಾಫಿ ಕೊಯ್ಲು ಮುಗಿದು, ಒಣಗಿಸಿ ಮೂಟೆ ಕಟ್ಟಿದ ಮೇಲೆ ಸಕಲೇಶಪುರ, ಬೇಲೂರು, ಮೂಡಿಗೆರೆ ಕಡೆಯ ಮನೆಗಳಲ್ಲಿ ಇನ್ನೊಂದು ಮಾತು ಶುರುವಾಗುತ್ತದೆ. ‘ಕೆಲಸ ಮುಗೀಲಿ, ಆಮೇಲೆ ನೋಡೋಣ’ ಅಂತ ಮುಂದಕ್ಕೆ ಹಾಕಿದ್ದ ಹರ್ನಿಯಾ, ಪಿತ್ತಕೋಶದ ಕಲ್ಲು, ಗರ್ಭಕೋಶದ ಗೆಡ್ಡೆ, ಮಂಡಿನೋವು ಎಲ್ಲ ಈಗ ಎದುರಿಗೆ ಬಂದು ನಿಲ್ಲುತ್ತವೆ. ಡಾಕ್ಟರ್ ನೋಡಿ ದಿನ ಕೊಡುತ್ತಾರೆ. ಸಿಸ್ಟರ್ ಚೀಟಿ ಕೈಗಿಟ್ಟು ಹತ್ತು ಮಾತು ಹೇಳುತ್ತಾರೆ. ಬಸ್ ಹತ್ತುವ ಹೊತ್ತಿಗೆ ಅದರಲ್ಲಿ ಅರ್ಧ ಮರೆತುಹೋಗಿರುತ್ತದೆ.

ಆ ಹತ್ತು ಮಾತಿಗೂ ಒಂದೊಂದು ಕಾರಣ ಇದೆ. ಕಾರಣ ಗೊತ್ತಿಲ್ಲದೆ ಪಾಲಿಸುವುದು ಕಷ್ಟ. ‘ಒಂದು ತುತ್ತು ತಿಂದ್ರೆ ಏನಾಗುತ್ತೆ’ ಅನ್ನಿಸುವುದು ಅಲ್ಲೇ. ಹಾಗಾಗಿ ಏನು ಮಾಡಬೇಕು ಅನ್ನುವುದರ ಜೊತೆಗೆ ಯಾಕೆ ಮಾಡಬೇಕು ಅನ್ನುವುದನ್ನೂ ಇಲ್ಲಿ ಬಿಡಿಸಿ ಹೇಳಿದ್ದೇನೆ.

ದಿನ ಗೊತ್ತಿರುವ ಆಪರೇಷನ್

ಅಪಘಾತವಾಗಿ ಬಂದವರಿಗೆ, ಅಪೆಂಡಿಕ್ಸ್ ಒಡೆದು ಬಂದವರಿಗೆ ತಯಾರಿ ಮಾಡಿಕೊಳ್ಳಲು ಪುರುಸೊತ್ತು ಇರುವುದಿಲ್ಲ. ದಿನ ಗೊತ್ತುಮಾಡಿದ ಆಪರೇಷನ್ ಹಾಗಲ್ಲ. ಇಲ್ಲಿ ಒಂದು ವಾರವೋ ಒಂದು ತಿಂಗಳೋ ಸಿಗುತ್ತದೆ. ರಕ್ತ ಕಮ್ಮಿ ಇದ್ದರೆ ಹೆಚ್ಚಿಸಿಕೊಳ್ಳಬಹುದು, ಸಕ್ಕರೆ ಹತೋಟಿಗೆ ತರಬಹುದು, ಬೀಡಿ ಸಿಗರೇಟು ಬಿಡಬಹುದು. ಕೆಲವರು ಈ ಸಮಯವನ್ನು ಬರೀ ಹೆದರಿಕೊಂಡೇ ಕಳೆದುಬಿಡುತ್ತಾರೆ. ನಿಜಕ್ಕೂ ಚಿಕಿತ್ಸೆ ಶುರುವಾಗುವುದು ಅಡ್ಮಿಟ್ ಆದ ದಿನ ಅಲ್ಲ, ದಿನ ಕೊಟ್ಟ ಹೊತ್ತಿಗೇ.

ದಿನ ಬದಲಾಯಿಸಬೇಕಿದ್ದರೆ, ಅಮಾವಾಸ್ಯೆಯೋ ಮನೆಯಲ್ಲಿ ಮದುವೆಯೋ ಏನೇ ಇರಲಿ, ಮುಂಚೆಯೇ ಕೇಳಿ. ಎಷ್ಟು ದಿನ ತಡ ಮಾಡಿದರೆ ತೊಂದರೆ ಇಲ್ಲ ಅನ್ನುವುದನ್ನು ಡಾಕ್ಟರ್ ಬಾಯಿಂದಲೇ ಕೇಳಿಕೊಳ್ಳಿ. ಹರ್ನಿಯಾಕ್ಕೆ ಒಂದು ಉತ್ತರ ಬಂದರೆ ಕ್ಯಾನ್ಸರ್ ಗೆಡ್ಡೆಗೆ ಬೇರೆಯೇ ಉತ್ತರ ಬರುತ್ತದೆ.

ಅರಿವಳಿಕೆ ಡಾಕ್ಟರ್ ಅಷ್ಟೊಂದು ಪ್ರಶ್ನೆ ಯಾಕೆ ಕೇಳುತ್ತಾರೆ?

ಆಪರೇಷನ್ ಮಾಡುವವರು ಸರ್ಜನ್. ನೋವು ಗೊತ್ತಾಗದಂತೆ ಮಾಡಿ, ಆಪರೇಷನ್ ಉದ್ದಕ್ಕೂ ಉಸಿರು, ಬಿಪಿ, ಎದೆಬಡಿತ ನೋಡಿಕೊಳ್ಳುವವರು ಅರಿವಳಿಕೆ ಡಾಕ್ಟರ್. ಅನಸ್ತೇಷಿಯಾ ಡಾಕ್ಟರ್ ಅಂತಲೂ ಕರೆಯುತ್ತಾರೆ. ಹೆಚ್ಚಿನವರಿಗೆ ಸರ್ಜನ್ ಹೆಸರು ಗೊತ್ತಿರುತ್ತದೆ, ಇವರ ಹೆಸರು ಗೊತ್ತಿರುವುದಿಲ್ಲ.

ಅರಿವಳಿಕೆಯಲ್ಲಿ ಮುಖ್ಯವಾಗಿ ಮೂರು ಬಗೆ. ಆ ಜಾಗ ಮಾತ್ರ ಮರಗಟ್ಟಿಸುವುದು ಒಂದು. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದಿಂದ ಕೆಳಗೆ ಮರಗಟ್ಟಿಸುವುದು ಇನ್ನೊಂದು. ಪೂರ್ತಿ ಪ್ರಜ್ಞೆ ತಪ್ಪಿಸುವುದು ಮೂರನೆಯದು. ಪೂರ್ತಿ ಪ್ರಜ್ಞೆ ತಪ್ಪಿಸಿದಾಗ ಸಾಮಾನ್ಯವಾಗಿ ಗಂಟಲಿನ ಮೂಲಕ ಶ್ವಾಸನಾಳಕ್ಕೆ ಒಂದು ಪೈಪ್ ಹಾಕಿ ಉಸಿರಾಡಿಸುತ್ತಾರೆ. ‘ಬಾಯಿ ಪೂರ್ತಿ ತೆಗೀರಿ, ನಾಲಿಗೆ ಹೊರಗೆ ಹಾಕಿ, ಕತ್ತು ಹಿಂದಕ್ಕೆ ಬಗ್ಗಿಸಿ’ ಅನ್ನುವುದು ಆ ಪೈಪ್ ಸಲೀಸಾಗಿ ಹೋಗುತ್ತದೆಯೇ ಅಂತ ನೋಡಲು. ಅಲ್ಲಾಡುವ ಹಲ್ಲಿದ್ದರೆ ಈಗಲೇ ಹೇಳಬೇಕು. ಪೈಪ್ ಹಾಕುವಾಗ ಅದು ಕಿತ್ತು ಒಳಗೆ ಹೋದೀತು.

‘ಎರಡು ಮಹಡಿ ಹತ್ತಿದರೆ ಏದುಸಿರು ಬರುತ್ತಾ?’ ಅಂತಲೂ ಕೇಳುತ್ತಾರೆ. ನಮ್ಮ ಹಳ್ಳಿಗಳಲ್ಲಿ ಎಷ್ಟೋ ಮನೆಗಳಿಗೆ ಮಹಡಿಯೇ ಇರುವುದಿಲ್ಲ. ಅಂಥವರು ತೋಟದ ಏರಿನ ಲೆಕ್ಕದಲ್ಲಿ ಹೇಳಿ: ‘ಮೊದ್ಲು ಒಂದೇ ಸಲಕ್ಕೆ ಹತ್ತುತಿದ್ದೆ, ಈಗ ಮಧ್ಯ ಎರಡು ಕಡೆ ನಿಂತ್ಕಬೇಕು.’ ಎದೆ ಎಷ್ಟು ಭಾರ ತಡೆಯುತ್ತದೆ ಅನ್ನುವುದು ಈ ಒಂದು ಮಾತಿನಿಂದ ಡಾಕ್ಟರಿಗೆ ಸುಮಾರಾಗಿ ತಿಳಿಯುತ್ತದೆ. ಜೋರು ಗೊರಕೆ, ನಿದ್ದೆಯಲ್ಲಿ ಉಸಿರು ನಿಂತಂತಾಗುವುದು ಇದ್ದರೆ ಮನೆಯವರು ಹೇಳಬೇಕು, ರೋಗಿಗೆ ಅದು ಗೊತ್ತಿರುವುದಿಲ್ಲವಲ್ಲ.

ಮನೆಯಲ್ಲಿ ಬೇರೆ ಯಾರಿಗಾದರೂ ಆಪರೇಷನ್ ಆದಾಗ ಎಚ್ಚರವಾಗುವುದು ತೀರಾ ತಡವಾಗಿತ್ತೇ, ಜ್ವರ ವಿಪರೀತ ಏರಿತ್ತೇ ಅನ್ನುವ ಪ್ರಶ್ನೆಯೂ ಬರುತ್ತದೆ. ಇದು ಸುಮ್ನೆ ಕೇಳುವ ಪ್ರಶ್ನೆ ಅಲ್ಲ. ಅರಿವಳಿಕೆಯಲ್ಲಿ ಬಳಸುವ ಕೆಲವು ಔಷಧಗಳು ಕೆಲವು ಕುಟುಂಬದವರ ಮೈಗೆ ಒಗ್ಗುವುದಿಲ್ಲ, ಆ ಗುಣ ವಂಶದಲ್ಲಿ ಹರಿದು ಬರುತ್ತದೆ. ಕೆಲವೇ ನಿಮಿಷದಲ್ಲಿ ಇಳಿಯಬೇಕಾದ ಔಷಧ ಗಂಟೆಗಟ್ಟಲೆ ಇಳಿಯದೆ ಇರಬಹುದು. ಮೊದಲೇ ಗೊತ್ತಿದ್ದರೆ ಅದನ್ನು ಬಿಟ್ಟು ಬೇರೆ ಔಷಧ ಕೊಡುತ್ತಾರೆ, ಅಷ್ಟೇ.

ಇನ್ನು ಕುಡಿತ. ಹೆಂಡತಿ ಮಕ್ಕಳ ಎದುರು ಯಾರೂ ಸರಿಯಾಗಿ ಹೇಳುವುದಿಲ್ಲ. ಆದರೆ ದಿನಾ ಕುಡಿಯುವವರು ಆಸ್ಪತ್ರೆ ಸೇರಿ ಏಕಾಏಕಿ ನಿಲ್ಲಿಸಿದರೆ, ಎರಡು ಮೂರು ದಿನದಲ್ಲಿ ಕೈ ನಡುಗಿ, ಮಾತು ತಪ್ಪಿ, ಫಿಟ್ಸ್ ಬರುವ ಅಪಾಯ ಇದೆ. ಗಾಯ ಆಗಷ್ಟೇ ಕೂಡುತ್ತಿರುವ ಸಮಯ ಅದು. ‘ಡಾಕ್ಟ್ರೇ, ಒಬ್ಬನೇ ಮಾತಾಡಬೇಕು’ ಅಂದರೆ ಯಾವ ಡಾಕ್ಟರೂ ಬೇಡ ಅನ್ನುವುದಿಲ್ಲ. ದಯವಿಟ್ಟು ಹೇಳಿಬಿಡಿ.

ಬೀಡಿ, ಸಿಗರೇಟು ನಾಲ್ಕು ವಾರ ಮುಂಚೆ ಬಿಟ್ಟರೆ ಶ್ವಾಸಕೋಶಕ್ಕೂ ಗಾಯಕ್ಕೂ ತುಂಬಾ ಒಳ್ಳೆಯದು. ಅಷ್ಟು ದಿನ ಇಲ್ಲದಿದ್ದರೂ ಬಿಡಿ. ಒಂದು ದಿನ ಬಿಟ್ಟರೂ ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿದು ಕೂತಿದ್ದ ಹೊಗೆಯ ಅನಿಲ ಇಳಿಯುತ್ತದೆ.

ಮಾತ್ರೆಗಳ ಕವರ್ ಹಾಗೇ ತನ್ನಿ

‘ಬಿಪಿಗೆ ಒಂದು ಬಿಳಿ ಮಾತ್ರೆ, ಶುಗರ್‌ಗೆ ಒಂದು ಸಣ್ಣದು’ ಅಂದರೆ ಡಾಕ್ಟರಿಗೆ ಏನೂ ಗೊತ್ತಾಗುವುದಿಲ್ಲ. ಮನೆಯಲ್ಲಿರುವ ಎಲ್ಲ ಮಾತ್ರೆಯ ಹಾಳೆಗಳನ್ನೂ ಒಂದು ಕವರ್‌ಗೆ ಹಾಕಿ ತಂದು ಮೇಜಿನ ಮೇಲೆ ಸುರಿಯಿರಿ. ಅರ್ಧ ಹರಿದ ಹಾಳೆಯಾದರೂ ಸರಿ, ಹೆಸರು ಕಂಡರೆ ಸಾಕು. ಆಯುರ್ವೇದದ ಡಬ್ಬಿ, ನಾಟಿ ಔಷಧಿಯ ಪುಡಿ, ಮೆಡಿಕಲ್ ಸ್ಟೋರ್‌ನಲ್ಲಿ ಸ್ವಂತಕ್ಕೆ ಕೇಳಿ ತಂದ ನೋವಿನ ಮಾತ್ರೆ, ಎಲ್ಲವೂ ಅದರಲ್ಲಿರಲಿ.

ಕಾರಣ ಇಷ್ಟೇ: ಕೆಲವು ಮಾತ್ರೆಗಳನ್ನು ಮೊದಲೇ ನಿಲ್ಲಿಸಬೇಕು, ಕೆಲವನ್ನು ಆಪರೇಷನ್ ದಿನ ಬೆಳಗ್ಗೆಯೂ ನುಂಗಬೇಕು. ಎರಡರಲ್ಲಿ ಯಾವುದು ತಪ್ಪಿದರೂ ತೊಂದರೆಯೇ.

ರಕ್ತ ತೆಳು ಮಾಡುವ ಮಾತ್ರೆ ಎಲ್ಲಕ್ಕಿಂತ ಮುಖ್ಯ. ಕ್ಲೋಪಿಡೋಗ್ರೆಲ್ ನಿಲ್ಲಿಸಬೇಕು ಅಂದರೆ ಸಾಮಾನ್ಯವಾಗಿ 5ರಿಂದ 7 ದಿನ ಮುಂಚೆ, ವಾರ್ಫರಿನ್ ಸುಮಾರು 5 ದಿನ ಮುಂಚೆ ನಿಲ್ಲಿಸುತ್ತಾರೆ. ಆದರೆ ಹೃದಯದ ರಕ್ತನಾಳ ತೆರೆದಿಡಲು ಸ್ಟೆಂಟ್ ಹಾಕಿಸಿಕೊಂಡವರು ಇದನ್ನು ಓದಿ ತಾವೇ ನಿಲ್ಲಿಸಬಾರದು. ಸ್ಟೆಂಟ್ ಒಳಗೆ ರಕ್ತ ಹೆಪ್ಪುಗಟ್ಟಿದರೆ ಜೀವಕ್ಕೇ ಅಪಾಯ. ನಿಲ್ಲಿಸಬೇಕೇ, ಯಾವತ್ತಿನಿಂದ, ಮತ್ತೆ ಯಾವಾಗ ಶುರು ಅನ್ನುವ ಮೂರನ್ನೂ ಸರ್ಜನ್ ಮತ್ತು ಹೃದಯದ ಡಾಕ್ಟರ್ ಮಾತಾಡಿಕೊಂಡು ಹೇಳಬೇಕು. ಅದನ್ನು ಚೀಟಿಯಲ್ಲಿ ಬರೆಸಿಕೊಳ್ಳಿ.

ಶುಗರ್ ಮಾತ್ರೆಯನ್ನು ಆಪರೇಷನ್ ದಿನ ಬೆಳಗ್ಗೆ ಸಾಮಾನ್ಯವಾಗಿ ಬಿಡಿಸುತ್ತಾರೆ. ಊಟ ಇಲ್ಲದೆ ಮಾತ್ರೆ ಮಾತ್ರ ನುಂಗಿದರೆ ಸಕ್ಕರೆ ತೀರಾ ಇಳಿಯಬಹುದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಅನ್ನುವ ಮಾತ್ರೆಗಳ ಲೆಕ್ಕ ಬೇರೆ. ಅವನ್ನು ಕಡಿಮೆ ಎಂದರೂ 3 ದಿನ ಮುಂಚೆ ನಿಲ್ಲಿಸಬೇಕಾಗುತ್ತದೆ, ಯಾಕೆಂದರೆ ಉಪವಾಸದ ಜೊತೆ ಸೇರಿ ಅವು ರಕ್ತದಲ್ಲಿ ಆಮ್ಲ ಏರಿಸಬಹುದು. ಇನ್ಸುಲಿನ್ ತಗೊಳ್ಳುವವರು ಎಷ್ಟು ಯೂನಿಟ್ ಅನ್ನುವುದನ್ನು ಕೇಳದೆ ಏನೂ ಬದಲಾಯಿಸಬೇಡಿ.

ಬಿಪಿ ಮಾತ್ರೆಯಲ್ಲೂ ಹೀಗೆಯೇ. ಅಟೆನೊಲಾಲ್, ಮೆಟೊಪ್ರೊಲಾಲ್ ಬಗೆಯದನ್ನು ದಿನಾ ತಗೊಳ್ಳುತ್ತಿದ್ದರೆ ಸಾಮಾನ್ಯವಾಗಿ ಆ ದಿನವೂ ಬೆಳಗ್ಗೆ ಒಂದು ಗುಟುಕು ನೀರಲ್ಲಿ ನುಂಗಲು ಹೇಳುತ್ತಾರೆ. ಟೆಲ್ಮಿಸಾರ್ಟನ್, ಲೋಸಾರ್ಟನ್ ಬಗೆಯದನ್ನು ಎಷ್ಟೋ ಡಾಕ್ಟರ್‌ಗಳು ಒಂದು ದಿನ ಬಿಡಿಸುತ್ತಾರೆ, ಅರಿವಳಿಕೆ ಕೊಟ್ಟಾಗ ಬಿಪಿ ತೀರಾ ಇಳಿಯದಿರಲಿ ಅಂತ. ಎರಡನ್ನೂ ‘ಬಿಪಿ ಮಾತ್ರೆ’ ಅಂತಲೇ ಕರೆಯುತ್ತೇವೆ, ಅಲ್ವಾ? ಕವರ್ ತಂದು ತೋರಿಸಬೇಕಾದ್ದು ಇದಕ್ಕೇ.

ಖಾಲಿ ಹೊಟ್ಟೆ ಮತ್ತು ಬೆಳಗಿನ ಕಾಫಿ

ಕಾಫಿ ಬೆಳೆಯುವ ನಾಡಿನಲ್ಲಿ ಬೆಳಗ್ಗೆ ಕಾಫಿ ಕುಡಿಯಬೇಡಿ ಅಂದರೆ ಯಾರಿಗೂ ಮನಸ್ಸು ಬರುವುದಿಲ್ಲ. ‘ಅಜ್ಜಿ, ಏನಾದ್ರೂ ತಿಂದ್ರಾ?’ ಅಂತ ಓಟಿ (ಆಪರೇಷನ್ ಥಿಯೇಟರ್) ಬಾಗಿಲಲ್ಲಿ ಕೇಳಿದರೆ ‘ಏನೂ ಇಲ್ಲ ಕಣಪ್ಪ, ಒಂದ್ಲೋಟ ಕಾಫಿ ಕುಡ್ದೆ ಅಷ್ಟೆ’ ಅನ್ನುವ ಉತ್ತರ ಬರಬಹುದು. ಅಜ್ಜಿಯ ಲೆಕ್ಕದಲ್ಲಿ ಕಾಫಿ ತಿನ್ನುವ ವಸ್ತು ಅಲ್ಲ. ಹೊಟ್ಟೆಯ ಲೆಕ್ಕದಲ್ಲಿ ಹಾಲು ಹಾಕಿದ ಕಾಫಿ ಊಟವೇ. ಅಲ್ಲಿಗೆ ಅವತ್ತಿನ ಆಪರೇಷನ್ ಗಂಟೆಗಟ್ಟಲೆ ಹಿಂದಕ್ಕೆ ಹೋಗುತ್ತದೆ, ಇಲ್ಲವೇ ಇನ್ನೊಂದು ದಿನಕ್ಕೆ.

ಹೊಟ್ಟೆ ಯಾಕೆ ಖಾಲಿ ಇರಬೇಕು? ಅನ್ನನಾಳ ಹೊಟ್ಟೆಗೆ ಸೇರುವ ಕಡೆ ಒಂದು ಸ್ನಾಯು ಇದೆ. ದಾರ ಎಳೆದು ಬಾಯಿ ಮುಚ್ಚಿದ ಚೀಲದ ಹಾಗೆ ಅದು ಹೊಟ್ಟೆಯ ಬಾಯನ್ನು ಬಿಗಿಯಾಗಿ ಹಿಡಿದಿರುತ್ತದೆ. ಅರಿವಳಿಕೆ ಕೊಟ್ಟಾಗ ಆ ಬಿಗಿ ಸಡಿಲವಾಗುತ್ತದೆ. ಹೊಟ್ಟೆಯಲ್ಲಿರುವುದು ಮೇಲಕ್ಕೆ ಬರಬಹುದು. ಎಚ್ಚರ ಇದ್ದಾಗ ಹೀಗಾದರೆ ಕೆಮ್ಮು ಬರುತ್ತದೆ, ನಾವು ಉಗಿಯುತ್ತೇವೆ. ಪ್ರಜ್ಞೆ ಇಲ್ಲದಾಗ ಕೆಮ್ಮೂ ಇಲ್ಲ. ಹೊಟ್ಟೆಯ ಆಮ್ಲ ಮತ್ತು ಆಹಾರ ನೇರ ಶ್ವಾಸಕೋಶಕ್ಕೆ ಇಳಿಯುತ್ತದೆ. ಅದು ಒಳಗೆಲ್ಲ ಸುಟ್ಟು, ಉಸಿರಾಟವೇ ಕಷ್ಟವಾಗುವಷ್ಟು ಕಾಯಿಲೆ ತರಬಹುದು. 1946ರಲ್ಲೇ ಅಮೆರಿಕದ ಡಾಕ್ಟರ್ ಕರ್ಟಿಸ್ ಮೆಂಡೆಲ್ಸನ್ ಹೆರಿಗೆಯ ಹೆಂಗಸರಲ್ಲಿ ಇದನ್ನು ಗುರುತಿಸಿ ವಿವರವಾಗಿ ಬರೆದಿದ್ದರು.

ಈಗ ಬಹಳ ಕಡೆ ಒಪ್ಪಿರುವ ಲೆಕ್ಕ ಹೀಗಿದೆ. ಮಾಂಸ, ಎಣ್ಣೆ ತುಪ್ಪದ ಊಟ ಆಗಿದ್ದರೆ ಅರಿವಳಿಕೆಗೆ 8 ಗಂಟೆ ಮುಂಚೆ ಮುಗಿದಿರಬೇಕು. ಇಡ್ಲಿಯಂಥ ಹಗುರ ತಿಂಡಿ 6 ಗಂಟೆ ಮುಂಚೆ. ಹಾಲು, ಹಾಲು ಹಾಕಿದ ಕಾಫಿ, ಟೀ ಕೂಡ 6 ಗಂಟೆಯದೇ ಲೆಕ್ಕ, ಯಾಕೆಂದರೆ ಹಾಲು ಹೊಟ್ಟೆಯ ಆಮ್ಲಕ್ಕೆ ಒಡೆದು ಗಟ್ಟಿಯಾಗುತ್ತದೆ. ಹಸುಗೂಸಿಗೆ ಎದೆಹಾಲು 4 ಗಂಟೆ ಮುಂಚೆವರೆಗೆ. ಬರೀ ನೀರು, ಹಾಲಿಲ್ಲದ ಕಪ್ಪು ಕಾಫಿ 2 ಗಂಟೆ ಮುಂಚೆವರೆಗೆ. ರಾಗಿ ಗಂಜಿ, ಮಜ್ಜಿಗೆ ನೀರಿನ ಪಟ್ಟಿಗೆ ಸೇರುವುದಿಲ್ಲ.

ಹಾಗಿದ್ದರೆ ‘ರಾತ್ರಿ 12ರ ಮೇಲೆ ಏನೂ ಬೇಡ, ನೀರೂ ಬೇಡ’ ಅಂತ ಎಷ್ಟೋ ಕಡೆ ಯಾಕೆ ಹೇಳುತ್ತಾರೆ? ಓಟಿಯಲ್ಲಿ ಯಾರ ಸರದಿ ಎಷ್ಟು ಹೊತ್ತಿಗೆ ಅನ್ನುವುದು ಬದಲಾಗುತ್ತಿರುತ್ತದೆ, ಎಲ್ಲರಿಗೂ ಒಂದೇ ಮಾತು ಹೇಳುವುದು ಸುಲಭ. ನಿಮ್ಮ ಆಸ್ಪತ್ರೆ ಹೇಳಿದ್ದನ್ನೇ ಪಾಲಿಸಿ. ಆದರೆ ವಯಸ್ಸಾದವರಿದ್ದರೆ, ಸರದಿ ಮಧ್ಯಾಹ್ನಕ್ಕಿದ್ದರೆ ‘ನೀರು ಎಷ್ಟು ಗಂಟೆವರೆಗೆ ಕುಡಿಬಹುದು?’ ಅಂತ ಹಿಂದಿನ ದಿನ ಕೇಳಿ. ಇದು ಕೇಳಲೇಬೇಕಾದ ಪ್ರಶ್ನೆ. ಹತ್ತು ಹನ್ನೆರಡು ಗಂಟೆ ನೀರಿಲ್ಲದೆ ಇದ್ದರೆ ಸುಸ್ತು, ತಲೆನೋವು ಬರುತ್ತದೆ, ಡ್ರಿಪ್ ಹಾಕಲು ನರ ಸಿಗುವುದೂ ಕಷ್ಟ.

ಬೆನ್ನಿಗೆ ಇಂಜೆಕ್ಷನ್ ಕೊಡುವುದಾದರೂ ಹೊಟ್ಟೆ ಖಾಲಿ ಇರಬೇಕು. ಆ ಇಂಜೆಕ್ಷನ್ ಸಾಲದೆ ಹೋದರೆ ಪೂರ್ತಿ ಪ್ರಜ್ಞೆ ತಪ್ಪಿಸಬೇಕಾಗಬಹುದು. ಎಲೆ ಅಡಿಕೆ, ಹೊಗೆಸೊಪ್ಪು ಕೂಡ ಬೇಡ. ಅಡಿಕೆ ಚೂರು ದವಡೆಯಲ್ಲಿ ಉಳಿದಿದ್ದರೆ ಅದೇ ಶ್ವಾಸನಾಳಕ್ಕೆ ಜಾರಬಹುದು. ಗೊತ್ತಿಲ್ಲದೆ ಏನಾದರೂ ತಿಂದೋ ಕುಡಿದೋ ಆಗಿದ್ದರೆ ಮುಚ್ಚಿಡಬೇಡಿ. ಬೈಸಿಕೊಂಡರೂ ಪರವಾಗಿಲ್ಲ, ಆಪರೇಷನ್ ನಾಳೆಗೆ ಹೋದರೂ ಪರವಾಗಿಲ್ಲ.

ಟೆಸ್ಟು, ರಕ್ತ

ಹಿಮೋಗ್ಲೋಬಿನ್, ಸಕ್ಕರೆ, ಕಿಡ್ನಿಗೆ ಕ್ರಿಯಾಟಿನಿನ್, ರಕ್ತದ ಗುಂಪು, ಎಚ್‌ಐವಿ, ಹೆಪಟೈಟಿಸ್, ಜೊತೆಗೆ ಇಸಿಜಿ, ಎದೆ ಎಕ್ಸ್‌ರೇ. ಬೇಕಾದರೆ ಎಕೋ, ಅಂದರೆ ಹೃದಯದ ಸ್ಕ್ಯಾನ್. ಇವೆಲ್ಲ ನೋಡಿ ಫಿಸಿಷಿಯನ್ ಕೊಡುವ ಒಪ್ಪಿಗೆಯೇ ‘ಫಿಟ್‌ನೆಸ್’. ಹಿಮೋಗ್ಲೋಬಿನ್ ಕಮ್ಮಿ ಬಂದರೆ ಕಬ್ಬಿಣದ ಮಾತ್ರೆ ಫಲ ಕೊಡಲು ವಾರಗಳು ಬೇಕು. ಅದಕ್ಕೇ ಟೆಸ್ಟ್ ಅನ್ನು ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ.

ರಕ್ತ ಬೇಕಾಗಬಹುದು ಅಂದರೆ ಕೊಡುವವರನ್ನು ಮೊದಲೇ ನೋಡಿಕೊಂಡಿರಿ. ವಯಸ್ಸು 18ರಿಂದ 65, ತೂಕ ಕನಿಷ್ಠ 45 ಕೆಜಿ, ಹಿಮೋಗ್ಲೋಬಿನ್ 12.5 ಇರಬೇಕು. ಹಿಂದೆ ಕೊಟ್ಟಿದ್ದರೆ ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನ ಆಗಿರಬೇಕು.

ಹಿಂದಿನ ಎರಡು ಮೂರು ದಿನದಲ್ಲಿ ಜ್ವರ, ಕೆಮ್ಮು, ಆಪರೇಷನ್ ಜಾಗದಲ್ಲಿ ಕುರು ಎದ್ದರೆ ಫೋನ್ ಮಾಡಿ ಹೇಳಿ. ಮುಟ್ಟಾಗಿದ್ದರೂ ಹೇಳಿ. ಹೆಚ್ಚಿನ ಸಲ ಅದಕ್ಕಾಗಿ ದಿನ ಬದಲಾಯಿಸುವುದಿಲ್ಲ.

ಕಾರ್ಡು ಮತ್ತು ರೆಫರಲ್

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ₹5 ಲಕ್ಷದವರೆಗೆ ಚಿಕಿತ್ಸೆ ಇದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ ₹1.5 ಲಕ್ಷದವರೆಗೆ. ಇಲ್ಲಿ ಜನ ಎಡವುವುದು ಒಂದೇ ಕಡೆ. ತುರ್ತು ಅಲ್ಲದ ಆಪರೇಷನ್‌ಗೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಹಾಸನದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಹಿಮ್ಸ್ ಆಗಲಿ, ಚಿಕ್ಕಮಗಳೂರಿನ ಮಲ್ಲೇಗೌಡ ಜಿಲ್ಲಾ ಆಸ್ಪತ್ರೆಯಾಗಲಿ, ಅಲ್ಲೇ ಆಗುವುದಿದ್ದರೆ ಅಲ್ಲೇ ಮಾಡುತ್ತಾರೆ. ಆಗದಿದ್ದರೆ ರೆಫರಲ್ ಪತ್ರ ಕೊಡುತ್ತಾರೆ. ಅದನ್ನು ಹಿಡಿದು ಯೋಜನೆಯ ಪಟ್ಟಿಯಲ್ಲಿರುವ ಖಾಸಗಿ ಆಸ್ಪತ್ರೆಗೆ ಹೋಗಬಹುದು. ಮಂಗಳೂರಿಗೋ ಬೆಂಗಳೂರಿಗೋ ಹೋಗಿ ಅಡ್ಮಿಟ್ ಆದ ಮೇಲೆ ಪತ್ರಕ್ಕೆ ಓಡಾಡಿದರೆ ಪ್ರಯೋಜನ ಇಲ್ಲ. ಆಧಾರ್, ರೇಷನ್ ಕಾರ್ಡ್ ತಗೊಂಡು ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡಿಕೊಳ್ಳುವ ಆರೋಗ್ಯ ಮಿತ್ರರನ್ನು ಮೊದಲು ಕಾಣಿ. ಸಹಕಾರ ಸಂಘದ ಮೂಲಕ ಯಶಸ್ವಿನಿ ಆರೋಗ್ಯ ಯೋಜನೆಗೆ ದುಡ್ಡು ಕಟ್ಟಿದವರು ಆ ಕಾರ್ಡನ್ನೂ ಇಟ್ಟುಕೊಂಡಿರಿ.

ಸಹಿ ಯಾರದು?

ಒಪ್ಪಿಗೆ ಪತ್ರಕ್ಕೆ ಮಗನೋ ಗಂಡನೋ ಸಹಿ ಹಾಕಿಬಿಡುವುದು ನಮ್ಮಲ್ಲಿ ರೂಢಿ. ಆದರೆ 18 ತುಂಬಿ, ಬುದ್ಧಿ ಸ್ಥಿರ ಇರುವ ರೋಗಿಯ ಒಪ್ಪಿಗೆ ರೋಗಿಯದೇ ಆಗಿರಬೇಕು. 2008ರಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪಿನಲ್ಲಿ ಹೇಳಿದ್ದೂ ಇದನ್ನೇ: ಏನು ಮಾಡುತ್ತಾರೆ, ಅದರ ಅಪಾಯ ಏನು, ಬೇರೆ ದಾರಿ ಇದೆಯೇ ಅನ್ನುವುದನ್ನು ತಿಳಿಸಿಯೇ ಒಪ್ಪಿಗೆ ಪಡೆಯಬೇಕು; ಪರೀಕ್ಷೆಗೆ ಕೊಟ್ಟ ಒಪ್ಪಿಗೆಯನ್ನು ಆಪರೇಷನ್‌ಗೂ ಒಪ್ಪಿಗೆ ಅಂತ ತಿಳಿಯುವಂತಿಲ್ಲ. ಗರ್ಭಕೋಶ ತೆಗೆಯುವ ಆಪರೇಷನ್‌ನಲ್ಲಂತೂ ಆಪರೇಷನ್ ಮಾಡಿಸಿಕೊಳ್ಳುವ ಅಮ್ಮನೋ ಅತ್ತೆಯೋ ಸಹಿ ಹಾಕುವ ಮುಂಚೆ ತಾವೇ ಕೂತು ಕೇಳಲಿ. ಅಂಡಾಶಯವನ್ನೂ ತೆಗೆಯುತ್ತೀರಾ? ಎಷ್ಟು ದಿನ ನೀರು ಹೊರಬಾರದು? ಇಂಗ್ಲಿಷ್ ಫಾರಂ ಕೊಟ್ಟರೆ ಕನ್ನಡದಲ್ಲಿ ಹೇಳಿ ಅನ್ನಲು ಸಂಕೋಚ ಬೇಡ.

ಸ್ನಾನ, ಬಳೆ, ಕರಿಮಣಿ

ಹಿಂದಿನ ರಾತ್ರಿಯೋ ಬೆಳಗ್ಗೆಯೋ ಸೋಪು ಹಚ್ಚಿ ಚೆನ್ನಾಗಿ ಸ್ನಾನ ಮಾಡಿ. ಮೈಮೇಲಿನ ರೋಗಾಣು ಕಮ್ಮಿಯಾದಷ್ಟೂ ಗಾಯ ಕೀವಾಗುವ ಸಂಭವ ಕಮ್ಮಿ. ಆದರೆ ಮನೆಯಲ್ಲಿ ಬ್ಲೇಡ್ ಹಿಡಿದು ಕೂದಲು ಬೋಳಿಸಬೇಡಿ. ಕಣ್ಣಿಗೆ ಕಾಣದ ಗೀರುಗಳಾಗಿ ಅಲ್ಲೇ ರೋಗಾಣು ಸೇರಿಕೊಳ್ಳುತ್ತವೆ. ತೆಗೆಯಬೇಕಾದರೆ ಆಸ್ಪತ್ರೆಯಲ್ಲಿ ಕ್ಲಿಪ್ಪರ್‌ನಿಂದ ತೆಗೆಯುತ್ತಾರೆ.

ಬೆರಳಿಗೆ ಹಾಕುವ ಕ್ಲಿಪ್ ಉಗುರಿನ ಮೂಲಕ ಬೆಳಕು ಹಾಯಿಸಿ ಆಮ್ಲಜನಕ ಅಳೆಯುತ್ತದೆ, ಹಾಗಾಗಿ ನೇಲ್‌ಪಾಲಿಶ್ ಬೇಡ. ಕರಿಮಣಿ, ಕಾಲುಂಗುರ, ಮೂಗುತಿ, ಬಳೆ ತೆಗೆಯಲು ಹೇಳುವುದಕ್ಕೂ ಕಾರಣ ಇದೆ. ರಕ್ತ ನಿಲ್ಲಿಸಲು ಕರೆಂಟ್‌ನ ಉಪಕರಣ ಬಳಸುತ್ತಾರೆ, ಲೋಹ ಇದ್ದ ಕಡೆ ಚರ್ಮ ಸುಡಬಹುದು. ಕೈ ಊದಿದರೆ ಉಂಗುರ ಬಿಗಿಯುತ್ತದೆ. ಕರಿಮಣಿ ತೆಗೆಯುವಾಗ ಎಷ್ಟೋ ಹೆಂಗಸರಿಗೆ ಕರುಳು ಚುರ್ ಅನ್ನುತ್ತದೆ. ಓಟಿ ಬಾಗಿಲಲ್ಲಿ ಅವಸರದಲ್ಲಿ ತೆಗೆಯುವುದಕ್ಕಿಂತ ಮನೆಯಲ್ಲೇ ದೇವರ ಮುಂದೆ ತೆಗೆದಿಟ್ಟು ಬಂದರೆ ಮನಸ್ಸಿಗೂ ಸಮಾಧಾನ, ಕಳೆಯುವ ಭಯವೂ ಇಲ್ಲ. ವರ್ಷಗಟ್ಟಲೆ ತೆಗೆಯದ ಕಾಲುಂಗುರ ಬಾರದಿದ್ದರೆ ಸಿಸ್ಟರಿಗೆ ಮೊದಲೇ ತಿಳಿಸಿ.

ದಾರಿ, ಥಿಯೇಟರ್

ಮಳೆಗಾಲದಲ್ಲಿ ಘಟ್ಟ ಇಳಿದು ಮಂಗಳೂರಿಗೆ ಹೋಗುವವರು ಹಿಂದಿನ ದಿನವೇ ಹೊರಡಿ. ಶಿರಾಡಿಯಲ್ಲಿ, ಚಾರ್ಮಾಡಿಯಲ್ಲಿ ಗುಡ್ಡ ಕುಸಿದರೆ ಬೆಳಗಿನ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ.

ಥಿಯೇಟರ್‌ನಲ್ಲಿ ನಿಮ್ಮ ಹೆಸರು ಏನು, ಯಾವ ಆಪರೇಷನ್, ಬಲಗಡೆಯೋ ಎಡಗಡೆಯೋ ಅಂತ ಮತ್ತೆ ಮತ್ತೆ ಕೇಳುತ್ತಾರೆ. ‘ಇವರಿಗೆ ನೆನಪೇ ಇಲ್ವಾ’ ಅಂತ ಗಾಬರಿಯಾಗಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ತಂದ ಸುರಕ್ಷತಾ ಪಟ್ಟಿಯ ಕ್ರಮ ಅದು. ಅರಿವಳಿಕೆಗೆ ಮುಂಚೆ, ಕೊಯ್ಯುವ ಮುಂಚೆ, ರೋಗಿ ಥಿಯೇಟರ್ ಬಿಡುವ ಮುಂಚೆ, ಹೀಗೆ ಮೂರು ಸಲ ತಾಳೆ ನೋಡುತ್ತಾರೆ. ಮಂಡಿ, ಕಣ್ಣು, ಹರ್ನಿಯಾ ಆದರೆ ಯಾವ ಕಡೆ ಅಂತ ಪೆನ್ನಿನಲ್ಲಿ ಗುರುತು ಹಾಕುತ್ತಾರೆ. ಹಾಕದಿದ್ದರೆ ನೀವೇ ಕೇಳಿ.

ಮನೆಗೆ ಬಂದ ಮೇಲೆ

ಇದರ ತಯಾರಿಯೂ ಮುಂಚೆಯೇ ಆಗಬೇಕು. ಮಂಡಿ ಆಪರೇಷನ್ ಆದವರು ಕುಕ್ಕರುಗಾಲಲ್ಲಿ ಕೂರಲು ಆಗುವುದಿಲ್ಲ, ಕಮೋಡ್ ಕುರ್ಚಿ ತಂದಿಟ್ಟಿರಿ. ಅದೇ ದಿನ ಮನೆಗೆ ಕಳಿಸಿದರೂ 24 ಗಂಟೆ ಬೈಕ್, ಜೀಪ್ ಓಡಿಸಬೇಡಿ. ದೊಡ್ಡವರೊಬ್ಬರು ಜೊತೆಗಿರಲಿ. ಮೂರು ಚೆಂಡಿನ ಉಸಿರಾಟದ ಸಾಧನ ಕೊಟ್ಟಿದ್ದರೆ ಆಪರೇಷನ್‌ಗೆ ಮುಂಚೆಯೇ ಎಳೆದು ಅಭ್ಯಾಸ ಮಾಡಿ. ನೋವಿನಲ್ಲಿ ಹೊಸದಾಗಿ ಕಲಿಯುವುದು ಕಷ್ಟ. ಮಲಗಿಯೇ ಇದ್ದರೆ ಶ್ವಾಸಕೋಶದ ತಳದಲ್ಲಿ ಕಫ ಕಟ್ಟುತ್ತದೆ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಎದ್ದು ನಡೆಯಿರಿ ಅನ್ನುವುದು ಅದಕ್ಕೇ.

ಊಟದ ವಿಷಯದಲ್ಲಿ ನಮ್ಮ ಮನೆಗಳಲ್ಲಿ ‘ನಂಜಾಗುತ್ತೆ’ ಅನ್ನುವ ಮಾತು ದೊಡ್ಡದು. ಮೊಟ್ಟೆ ಬೇಡ, ಬೇಳೆ ಬೇಡ, ಬದನೆ ಬೇಡ ಅಂತ ಬರೀ ಗಂಜಿ ಕೊಡುತ್ತಾರೆ. ಪ್ರೀತಿಯಿಂದಲೇ ಮಾಡುವುದು, ನಿಜ. ಆದರೆ ಗಾಯ ಕೂಡಲು ಮೈಗೆ ಪ್ರೋಟೀನ್ ಬೇಕು. ಮೊಟ್ಟೆ, ಬೇಳೆ, ಮೊಳಕೆ ಹುರುಳಿ, ಮೊಸರು, ತಿನ್ನುವವರಿಗೆ ಮೀನು ಎಲ್ಲ ಗಾಯಕ್ಕೆ ಒಳ್ಳೆಯದೇ. ನಿರ್ದಿಷ್ಟವಾಗಿ ಏನಾದರೂ ಬಿಡಬೇಕಿದ್ದರೆ ಡಾಕ್ಟರ್ ಹೇಳುತ್ತಾರೆ. ಡಿಸ್ಚಾರ್ಜ್ ದಿನ ಅಜ್ಜಿಯನ್ನೋ ಅತ್ತೆಯನ್ನೋ ಜೊತೆಗೆ ಕರೆದುಕೊಂಡು ಹೋಗಿ, ಡಾಕ್ಟರ್ ಬಾಯಿಂದಲೇ ಅವರಿಗೆ ಹೇಳಿಸಿ.

ಗಾಯದಿಂದ ಕೀವು, ಸುತ್ತ ಕೆಂಪಾಗಿ ಬಿಸಿಯಾಗುವುದು, ಚಳಿ ಜ್ವರ, ಒಂದು ಕಾಲು ಮಾತ್ರ ಊದಿ ನೋವು, ಮೂತ್ರ ಕಟ್ಟುವುದು, ನಿಲ್ಲದ ವಾಂತಿ ಇದ್ದರೆ ಹೊಲಿಗೆ ಬಿಚ್ಚಿಸುವ ದಿನದವರೆಗೆ ಕಾಯಬೇಡಿ, ಆಸ್ಪತ್ರೆಗೆ ಫೋನ್ ಮಾಡಿ. ಏಕಾಏಕಿ ಉಸಿರು ಕಟ್ಟಿದರೆ, ಎದೆ ನೋವು ಬಂದರೆ 108ಕ್ಕೆ. ತೋಟದ ಮನೆಯಲ್ಲಿ ಫೋನ್ ಸಿಗ್ನಲ್ ಸಿಗದಿದ್ದರೆ ಮೊದಲ ಒಂದು ವಾರ ಪೇಟೆಯಲ್ಲಿರುವ ನೆಂಟರ ಮನೆಯಲ್ಲಿ ಉಳಿಯಬಹುದೇ ಅಂತ ದಿನ ಕೊಟ್ಟಾಗಲೇ ಯೋಚಿಸಿ.